ಆ ಲಾಮಾಗಳು ಎಲ್ಲಿಯವರು?

2012ರ ಮುಂಗಾರು ಹಿಡಿಯುವ ಹೊತ್ತಿಗೆ ಫೇಸ್‌ಬುಕ್ಕಿನಲ್ಲಿ ಒಂದು ಫೋಟೊ ಅಲೆಯತೊಡಗಿತ್ತು. ಒಂದರ ಪಕ್ಕ ಒಂದು, ಒಂದರ ಮೇಲೊಂದು ರಾಶಿ ಬಿದ್ದ ಹೆಣಗಳು. ಅವುಗಳ ನಡುವೆ ಕಡುಗೆಂಪು ನಿಲುವಂಗಿ ತೊಟ್ಟ ಬೌದ್ಧ ಸನ್ಯಾಸಿಗಳು. ಹಲವರ ಮೂಗು ಬಾಯಿಗೆ ಬಟ್ಟೆ ಕಟ್ಟಿತ್ತು. ಬರ್ಮಾದ ಬೌದ್ಧರು ಮುಸ್ಲಿಮರನ್ನು ಕೊಂದು ಹೀಗೆ ರಾಶಿ ಹಾಕಿದ್ದಾರೆ ಎಂಬ ಅರ್ಥದ ಒಕ್ಕಣೆ ಅದರ ಕೆಳಗೆ. ನೋಡಿದವರ ಕರುಳು ಚುರುಕ್ಕೆನ್ನುತ್ತಿತ್ತು. ಕರುಳು ಚುರುಕ್ಕೆಂದವರು ಅದನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ಫೋಟೊ ತೆಗೆದವರು ಯಾರು, ಯಾವ ಊರು, ಯಾವ ದಿನ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇದ್ದಂತಿರಲಿಲ್ಲ.

ಕೇಳದೆ ಇದ್ದುದಕ್ಕೆ ಕಾರಣವೂ ಇತ್ತು. ಆ ವರ್ಷ ಜೂನ್‌ನಲ್ಲಿ ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಲ್ಲಿ ನಿಜಕ್ಕೂ ರಕ್ತ ಹರಿದಿತ್ತು. ಬೌದ್ಧ ರಖೈನರು ಮತ್ತು ರೋಹಿಂಗ್ಯಾ ಮುಸ್ಲಿಮರ ನಡುವಿನ ಹಿಂಸೆಯಲ್ಲಿ ಊರುಗಳೇ ಸುಟ್ಟುಹೋಗಿದ್ದವು. ಜುಲೈನಲ್ಲಿ ನಮ್ಮದೇ ಅಸ್ಸಾಮಿನ ಕೋಕ್ರಾಝಾರ್, ಚಿರಾಂಗ್, ಧುಬ್ರಿ ಜಿಲ್ಲೆಗಳಲ್ಲಿ ಬೋಡೊಗಳಿಗೂ ಮುಸ್ಲಿಮರಿಗೂ ಹೊಡೆದಾಟ ಹತ್ತಿ, ನಾಲ್ಕು ಲಕ್ಷ ಜನ ಮನೆ ಬಿಟ್ಟು ಶಿಬಿರ ಸೇರಿದರು. ಎರಡೂ ಕಡೆಯ ಸುದ್ದಿ ನಿಜ, ನೋವು ನಿಜ. ಹಾಗಾಗಿ ಫೋಟೊ ಕೂಡ ನಿಜವೇ ಇರಬೇಕೆಂದು ಜನ ನಂಬಿದರು.

ನಂಬದೆ ಹುಡುಕಲು ಕೂತವನೊಬ್ಬ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಫರಾಜ್ ಅಹ್ಮದ್ ಎಂಬ ಬರಹಗಾರ ಜುಲೈ ತಿಂಗಳಲ್ಲೇ ‘ಎಕ್ಸ್‌ಪ್ರೆಸ್ ಟ್ರಿಬ್ಯೂನ್’ ಪತ್ರಿಕೆಯ ಬ್ಲಾಗಿನಲ್ಲಿ ಈ ಫೋಟೊಗಳ ಜಾತಕವನ್ನು ಒಂದೊಂದಾಗಿ ಬಿಡಿಸಿಟ್ಟ. ಮ್ಯಾನ್ಮಾರ್‌ನಲ್ಲಿ ಏನೂ ನಡೆದಿಲ್ಲ ಎಂದು ಅವನು ವಾದಿಸಲಿಲ್ಲ. ಈ ಫೋಟೊಗಳು ಅಲ್ಲಿಯವಲ್ಲ ಎಂದಷ್ಟೇ ಹೇಳಿದ. ಹೇಳಿಕೊಳ್ಳಲು ಸಣ್ಣ ಕೆಲಸ. ಆದರೆ ಸುತ್ತಲಿನವರೆಲ್ಲ ಕಣ್ಣೀರಿಡುತ್ತಿರುವಾಗ, ತನ್ನದೇ ದೇಶದ, ತನ್ನದೇ ಧರ್ಮದ ಓದುಗರ ಮುಂದೆ ನಿಂತು ಹೀಗೆ ಹೇಳಲು ಬೇರೆಯದೇ ಗುಂಡಿಗೆ ಬೇಕು.

ಅವನು ಬಯಲಿಗೆಳೆದದ್ದರಲ್ಲಿ ಮೂರು ಫೋಟೊಗಳು ಈ ಕತೆಗೆ ಮುಖ್ಯ. ಅರೆಬೆತ್ತಲೆ ಗಂಡಸರನ್ನು ಕೈ ಹಿಂದಕ್ಕೆ ಕಟ್ಟಿ ನೆಲದ ಮೇಲೆ ಬೋರಲು ಮಲಗಿಸಿದ ಫೋಟೊ ಒಂದು. ಅದು ಥಾಯ್ಲೆಂಡ್‌ನ ತಾಕ್ ಬಾಯ್‌ನದು, 2004ರ ಅಕ್ಟೋಬರ್‌ನದು. ಅಂದು ಪ್ರತಿಭಟನಕಾರರನ್ನು ಹಿಡಿದು ಸೈನ್ಯದ ಲಾರಿಗಳಲ್ಲಿ ಒಬ್ಬರ ಮೇಲೊಬ್ಬರನ್ನು ತುಂಬಿ ಒಯ್ದಿದ್ದರಿಂದ 78 ಮಂದಿ ದಾರಿಯಲ್ಲೇ ಉಸಿರುಗಟ್ಟಿ ಸತ್ತಿದ್ದರು. ಎರಡನೆಯದರಲ್ಲಿ ಮೈಗೆಲ್ಲ ಬೆಂಕಿ ಹತ್ತಿದ ಯುವಕನೊಬ್ಬ ಓಡುತ್ತಿದ್ದಾನೆ. ಬೌದ್ಧರು ಜೀವಂತ ಸುಟ್ಟ ಮುಸ್ಲಿಂ ಎಂದು ಹೆಸರಿಟ್ಟಿದ್ದ ಆ ಯುವಕ ಅಸಲಿಗೆ ಜಾಂಫೆಲ್ ಯೇಶಿ, ಟಿಬೆಟನ್ ನಿರಾಶ್ರಿತ. ಚೀನಾದ ಅಧ್ಯಕ್ಷ ಹು ಜಿಂಟಾವೊ ಭೇಟಿಯನ್ನು ವಿರೋಧಿಸಿ 2012ರ ಮಾರ್ಚ್ 26ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಬೆಂಕಿ ಹಚ್ಚಿಕೊಂಡವನು. ಎರಡು ದಿನದ ಮೇಲೆ ತೀರಿಕೊಂಡ. ದೆಹಲಿಯ ನಟ್ಟನಡುವೆ ನಡೆದ, ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಹಾಕಿದ ಘಟನೆ ನಾಲ್ಕು ತಿಂಗಳಲ್ಲಿ ಬರ್ಮಾದ್ದಾಗಿಬಿಟ್ಟಿತ್ತು!

ಮೂರನೆಯದು ಲಾಮಾಗಳ ಫೋಟೊ. ಅದು ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಯುಶು ಎಂಬ ಊರಿನದು, 2010ರದು. ಅಲ್ಲಿ ನಿಂತಿದ್ದವರು ಟಿಬೆಟನ್ ಲಾಮಾಗಳು. ಹೆಣಗಳ ನಡುವೆ ಅವರಿಗೇನು ಕೆಲಸವಿತ್ತು ಎಂಬುದು ಆಮೇಲೆ.

ಫರಾಜ್ ಬರೆದದ್ದನ್ನು ಓದಿದವರು ಓದಿದರು. ಫೋಟೊಗಳು ಮಾತ್ರ ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಓಡುತ್ತಿದ್ದವು. ಆಗಸ್ಟ್ ಎರಡನೇ ವಾರ ಪುಣೆಯಲ್ಲಿ ಈಶಾನ್ಯದ ಹುಡುಗರ ಮೇಲೆ ಹಲ್ಲೆಗಳಾದವು. 11ರಂದು ಮುಂಬೈಯ ಆಜಾದ್ ಮೈದಾನದಲ್ಲಿ ಅಸ್ಸಾಂ ಮತ್ತು ಬರ್ಮಾದ ಮುಸ್ಲಿಮರ ಪರ ಕರೆದಿದ್ದ ಸಭೆ ಗಲಭೆಗೆ ತಿರುಗಿ ಇಬ್ಬರು ಸತ್ತರು. 13ರಂದು ದೆಹಲಿಯ ಸಾಕ್ಷ್ಯಚಿತ್ರಕಾರ ಯೂಸುಫ್ ಸಯೀದ್, ಫೇಸ್‌ಬುಕ್ಕಿನ ಫೋಟೊಗಳಿಂದ ಗಲಭೆ ಹುಟ್ಟುವ ಬಗೆಯನ್ನು ‘ಕಾಫಿಲಾ’ ತಾಣದಲ್ಲಿ ಬಿಡಿಸಿ ಬರೆದರು. ಮರುದಿನವೇ ಮೈಸೂರಿನಲ್ಲಿ ಒಬ್ಬ ಟಿಬೆಟನ್ ವಿದ್ಯಾರ್ಥಿಗೆ ಚೂರಿ ಇರಿತವಾಯಿತು.

ಕರ್ನಾಟಕಕ್ಕೆ ಟಿಬೆಟನ್ನರು ಹೊಸಬರಲ್ಲ. 1960ರ ದಶಕದ ಆರಂಭದಲ್ಲೇ ಅಂದಿನ ಮೈಸೂರು ರಾಜ್ಯ ಕೊಟ್ಟ ಕಾಡು ಕಡಿದು ಅವರು ಬೈಲುಕುಪ್ಪೆಯಲ್ಲಿ ಜೋಳ ಬೆಳೆದವರು. ಮುಂಡಗೋಡಿನಲ್ಲಿದ್ದಾರೆ, ಕೊಳ್ಳೇಗಾಲದಾಚೆಯ ಒಡೆಯರಪಾಳ್ಯದಲ್ಲಿದ್ದಾರೆ. ಮದ್ದೂರು, ಮಳವಳ್ಳಿ ಕಡೆಯಿಂದ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನಲ್ಲಿ ಕಡುಗೆಂಪು ನಿಲುವಂಗಿಯ ಲಾಮಾ ಒಬ್ಬರು ಕಿಟಕಿ ಪಕ್ಕ ಕೂತಿದ್ದರೆ ಬಂಡೂರಿನ ಕುರಿ ಮಾರಿ ಮರಳುವ ರೈತನೂ ತಿರುಗಿ ನೋಡುವುದಿಲ್ಲ, ಅಷ್ಟು ಬಳಕೆ. ಆ ಫೋಟೊವನ್ನು ಇಲ್ಲಿ ಯಾರಾದರೂ ಒಂದು ಗಳಿಗೆ ನಿಧಾನವಾಗಿ ನೋಡಿದ್ದರೆ, ಇದು ನಮ್ಮ ಬೈಲುಕುಪ್ಪೆಯವರ ಉಡುಪಲ್ಲವೇ ಎನ್ನಬಹುದಿತ್ತು. ಟಿಬೆಟನ್ನರ ಸಾವಿನ ಎರಡು ಫೋಟೊಗಳನ್ನು ಕದ್ದು ಕಟ್ಟಿದ ಕತೆಯೊಂದು ದೇಶ ಸುತ್ತುತ್ತಿದ್ದ ದಿನಗಳಲ್ಲೇ ಮೈಸೂರಿನ ಟಿಬೆಟನ್ ಹುಡುಗನೊಬ್ಬ ಆಸ್ಪತ್ರೆ ಸೇರಿದ. ಇರಿದವರ ಮನಸ್ಸಿನಲ್ಲಿ ಏನಿತ್ತೋ, ಸುದ್ದಿಯನ್ನು ಜನ ಓದಿಕೊಂಡದ್ದು ಮಾತ್ರ ಒಂದೇ ರೀತಿಯಲ್ಲಿ: ಮುಖ ನೋಡಿ ಹೊಡೆಯುತ್ತಿದ್ದಾರೆ.

ಮಾರನೆಯ ದಿನ ಸ್ವಾತಂತ್ರ್ಯೋತ್ಸವ. ಬೆಂಗಳೂರಿನ ಸಿಟಿ ರೈಲು ನಿಲ್ದಾಣದಲ್ಲಿ ಸಂಜೆಗೆ ಕಾಲಿಡಲು ಜಾಗವಿರಲಿಲ್ಲ. ನೀಲಸಂದ್ರ, ಈಜಿಪುರ, ವಿವೇಕನಗರದ ಬಾಡಿಗೆ ಕೋಣೆಗಳಿಂದ ಈಶಾನ್ಯದ ಸೆಕ್ಯುರಿಟಿ ಗಾರ್ಡುಗಳು, ಹೋಟೆಲ್ ಹುಡುಗರು, ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳು, ಕಾಲೇಜು ವಿದ್ಯಾರ್ಥಿಗಳು ಬ್ಯಾಗು ಹೊತ್ತು ಬಂದಿದ್ದರು. ಕೈಯಲ್ಲಿ ಮೊಬೈಲು, ಅದರಲ್ಲಿ ಬಹುತೇಕ ಒಂದೇ ಮಾತಿನ ಎಸ್ಸೆಮ್ಮೆಸ್ಸು: ಆಗಸ್ಟ್ 20ರ ರಂಜಾನ್ ಒಳಗೆ ಊರು ಬಿಡಿ, ಆಮೇಲೆ ಉಳಿಗಾಲವಿಲ್ಲ. ಅದನ್ನು ನಂಬದವರಿಗೂ ಗುವಾಹಟಿಯಿಂದ, ಜೋರ್ಹಾಟ್‌ನಿಂದ ಅಪ್ಪ ಅಮ್ಮಂದಿರ ಫೋನು ಬರುತ್ತಿತ್ತು. ಟಿ.ವಿ.ಯಲ್ಲಿ ನೋಡುತ್ತಿದ್ದೇವೆ, ಮೊದಲು ಹೊರಟು ಬಾ ಎಂದು. ಮೈಸೂರಿನಿಂದ ಮಂಡ್ಯ, ಮದ್ದೂರು ದಾಟಿ ಬರುವ ರೈಲುಗಳಿಂದಲೂ ಜನ ಇಳಿದು ಅದೇ ಸಾಲಿಗೆ ಸೇರಿಕೊಂಡರು. ಆ ಒಂದು ದಿನ 6,800ರಷ್ಟು ಟಿಕೆಟ್ ಹೋದವು. ಮೂರು ನಾಲ್ಕು ದಿನಗಳಲ್ಲಿ ನಗರ ಬಿಟ್ಟವರು 30 ಸಾವಿರದ ಆಸುಪಾಸು.

ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿ ತಿಂಗಳು ಕಳೆದಿತ್ತಷ್ಟೆ. ಗೃಹ ಮಂತ್ರಿ ಆರ್. ಅಶೋಕ ನಿಲ್ದಾಣಕ್ಕೇ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೋಗಬೇಡಿ ಎಂದು ಕೇಳಿಕೊಂಡರು. ಮುಸ್ಲಿಂ ಮುಖಂಡರು ಬಂದು ನಾವಿದ್ದೇವೆ ಎಂದರು. ನಗರ ಪೊಲೀಸ್ ಕಮಿಷನರ್ ಜ್ಯೋತಿಪ್ರಕಾಶ್ ಮಿರ್ಜಿ ಸಹಾಯವಾಣಿ ತೆರೆದರು, ಹಲ್ಲೆಯ ಮಾತೆಲ್ಲ ವದಂತಿ ಎಂದು ಸಾರಿದರು. ರಾಜ್ಯದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಲಾಲ್‌ರೊಖುಮಾ ಪಚಾವ್ ಸ್ವತಃ ಮಿಜೋರಾಮಿನವರು. ಕರ್ನಾಟಕದ ಪೊಲೀಸ್ ಪಡೆಯ ತುತ್ತತುದಿಯಲ್ಲಿ ಈಶಾನ್ಯದ ಮನುಷ್ಯನೇ ಕೂತಿದ್ದರು! ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ಪ್ರಚಾರ ಇಲಾಖೆಯೂ ಹುಟ್ಟಿಸಲಾರದು. ಅವರೂ ಮನವಿ ಮಾಡಿದರು. ರೈಲುಗಳು ತುಂಬುತ್ತಲೇ ಇದ್ದವು.

ಯಾಕೆ ಹೀಗಾಯಿತು ಎಂಬುದು ಆಗಲೇ ಹಲವರಿಗೆ ಹೊಳೆದಿತ್ತು. ಒಂದು ಕಡೆ ಮಂತ್ರಿಗಳು ಹೆದರಬೇಡಿ ಎನ್ನುತ್ತಿದ್ದರು, ಇನ್ನೊಂದು ಕಡೆ ಧ್ವನಿವರ್ಧಕ ಗುವಾಹಟಿಗೆ ವಿಶೇಷ ರೈಲು ಎಂದು ಕೂಗುತ್ತಿತ್ತು. ರೈಲ್ವೆ ಇಲಾಖೆ ಮಾಡಿದ್ದರಲ್ಲಿ ತಪ್ಪಿಲ್ಲ. ಅಷ್ಟು ಜನ ಬಂದು ನಿಂತಾಗ ಗಾಡಿ ಬಿಡದೆ ಏನು ಮಾಡುವುದು? ಆದರೆ ಪ್ಲಾಟ್‌ಫಾರ್ಮಿನ ಮೇಲಿದ್ದ ಹುಡುಗಿಗೆ ಸರ್ಕಾರವೇ ಹೆಚ್ಚುವರಿ ಗಾಡಿ ಬಿಡುತ್ತಿದೆ ಎಂದರೆ ಅರ್ಥ ಒಂದೇ. ಎಸ್ಸೆಮ್ಮೆಸ್ಸಿಗೆ ಸರ್ಕಾರದ ಮೊಹರು ಬಿದ್ದ ಹಾಗೆ. ಅಷ್ಟೇ ಅಲ್ಲ, ಯಾರೂ ಏನೂ ಮಾಡಿಲ್ಲ ಎಂದು ಹೇಳುತ್ತಿದ್ದವರಲ್ಲಿ ಒಬ್ಬರೂ ಆ ಫೋಟೊಗಳನ್ನು ಎತ್ತಿ ಹಿಡಿದು ಇದು ಯುಶು, ಇದು ಜಂತರ್ ಮಂತರ್ ಎಂದು ತೋರಿಸಲಿಲ್ಲ. ಉತ್ತರ ಒಂದು ತಿಂಗಳಿಂದ ಲಾಹೋರು, ಕರಾಚಿಯವರೂ ಓದುವ ಪತ್ರಿಕೆಯೊಂದರ ಬ್ಲಾಗಿನಲ್ಲಿ ಬಿದ್ದಿತ್ತು.

ದೆಹಲಿ ತನ್ನ ಹಾದಿ ಹಿಡಿಯಿತು. ಆಗಸ್ಟ್ 17ರಂದು ಸಗಟು ಎಸ್ಸೆಮ್ಮೆಸ್ ನಿಂತಿತು. ಹದಿನೈದು ದಿನ ಯಾರೂ ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸುವಂತಿಲ್ಲ ಎಂದು ಆಜ್ಞೆ ಹೊರಟಿತು. ಬೆಂಗಳೂರಿನ ಹುಡುಗನಿಗೆ, ನಾನು ಚೆನ್ನಾಗಿದ್ದೇನೆ ಎಂದು ಮನೆಯ ಆರನೆಯವರಿಗೆ ತಿಳಿಸುವ ದಾರಿಯೂ ಅಲ್ಲಿಗೆ ಮುಚ್ಚಿತು. 23ಕ್ಕೆ ಆ ಮಿತಿ ಇಪ್ಪತ್ತಕ್ಕೇರಿತು. ಈ ನಡುವೆ ಸರ್ಕಾರದ ಸೈಬರ್ ತಂಡಗಳು ಫೋಟೊಗಳ ಹೆಜ್ಜೆ ಹುಡುಕುತ್ತಿದ್ದವು. ಯಾವ ಪುಟದಲ್ಲಿ ಮೊದಲು ಕಂಡಿತು, ಅಲ್ಲಿಗೆ ಯಾವ ದೇಶದ ಕಂಪ್ಯೂಟರಿನಿಂದ ಏರಿತು ಎಂಬ ಬೆನ್ನಟ್ಟುವಿಕೆ. 18ರಂದು ಕೇಂದ್ರ ಗೃಹ ಕಾರ್ಯದರ್ಶಿ ಆರ್.ಕೆ. ಸಿಂಗ್ ಸುದ್ದಿಗಾರರ ಮುಂದೆ ಬಾಂಬು ಹಾಕಿದರು. ಇಂಥ ಫೋಟೊಗಳಿದ್ದ 76 ತಾಣಗಳನ್ನು ಗುರುತಿಸಿದ್ದೇವೆ, ಹೆಚ್ಚಿನವು ಏರಿದ್ದು ಪಾಕಿಸ್ತಾನದಿಂದ ಎಂದರು. ಭೂಕಂಪ, ಚಂಡಮಾರುತಗಳಲ್ಲಿ ಸತ್ತವರ ಫೋಟೊಗಳನ್ನು ಬಳಸಿಕೊಂಡಿದ್ದಾರೆ ಎಂಬ ಮಾತು ಆಗ ಸರ್ಕಾರದ ಬಾಯಿಂದಲೂ ಬಂತು. ಅಷ್ಟು ಹೊತ್ತಿಗೆ ಮೊದಲು ಹೊರಟ ಗಾಡಿಗಳು ಗುವಾಹಟಿ ಮುಟ್ಟುತ್ತಿದ್ದವು.

ಪಾಕಿಸ್ತಾನ ಒಪ್ಪಲಿಲ್ಲ. ಕೇಂದ್ರ ಗೃಹ ಮಂತ್ರಿಯಾಗಿದ್ದ ಸುಶೀಲ್‌ಕುಮಾರ್ ಶಿಂಧೆ ಫೋನಿನಲ್ಲಿ ವಿಷಯವೆತ್ತಿದಾಗ ಅಲ್ಲಿನ ಒಳಾಡಳಿತ ಮಂತ್ರಿ ರೆಹಮಾನ್ ಮಲಿಕ್ ಪುರಾವೆ ಕೊಡಿ ಎಂದರು. ಇಂಥ ಜಗಳಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಕಂಪ್ಯೂಟರು ಯಾವ ದೇಶದ್ದು ಎಂದು ಹೇಳುವುದು ಸುಲಭ, ಅದರ ಹಿಂದೆ ಕೂತ ಕೈ ಯಾರದೆಂದು ಹೇಳುವುದು ಕಷ್ಟ. ಅಲ್ಲದೆ ಫೋಟೊ ಎಲ್ಲಿಂದಲೇ ಬಂದಿರಲಿ, ಬೆಂಗಳೂರಿನ ಎಸ್ಸೆಮ್ಮೆಸ್ಸುಗಳನ್ನು ಮುಂದೆ ದಾಟಿಸಿದ ಬೆರಳುಗಳು ಇಲ್ಲಿಯವೇ. ಅದಕ್ಕಾಗಿ ನಗರದಲ್ಲೇ ಕೆಲವರ ಬಂಧನವಾಯಿತು.

ಸುಳ್ಳಿನ ತವರು ಹುಡುಕುವ ಈ ಕೆಲಸಕ್ಕೆ ದೆಹಲಿಯಲ್ಲೇ ಒಂದು ಹಳೆಯ ಉದಾಹರಣೆ ಇತ್ತು. 1983ರ ಜುಲೈನಲ್ಲಿ ಸೋವಿಯತ್ ಪರವಾಗಿದ್ದ ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ ಹೆಸರು ಹೇಳದ ಅಮೆರಿಕನ್ ವಿಜ್ಞಾನಿಯದೆನ್ನಲಾದ ಪತ್ರವೊಂದು ಅಚ್ಚಾಯಿತು. ಏಡ್ಸ್ ರೋಗಾಣುವನ್ನು ಅಮೆರಿಕದ ಸೈನ್ಯವೇ ತಯಾರಿಸಿತು, ಅದು ಭಾರತಕ್ಕೂ ಬರಬಹುದು ಎಂದು ಅದರ ಸಾರ. ಎರಡು ವರ್ಷ ಅದನ್ನು ಯಾರೂ ಕೇಳಲಿಲ್ಲ. 1985ರ ಅಕ್ಟೋಬರ್‌ನಲ್ಲಿ ಮಾಸ್ಕೋದ ‘ಲಿತರಾತುರ್ನಯ ಗಜೆಟಾ’ ಅದೇ ಕತೆಯನ್ನು, ಭಾರತದ ಪತ್ರಿಕೆಯೇ ಹೀಗೆ ಬರೆದಿದೆ ಎಂದು ಬೆರಳು ತೋರಿಸಿ ಮತ್ತೆ ಹರಿಯಬಿಟ್ಟಿತು. ಅಲ್ಲಿಂದ ಅದು ಹತ್ತಾರು ಭಾಷೆಗಳಿಗೆ ಹಬ್ಬಿತು. ಇದನ್ನು ಎದುರಿಸಲು ಕೂತದ್ದು 1981ರಲ್ಲಿ ವಾಷಿಂಗ್ಟನ್ನಿನಲ್ಲಿ ಹಲವು ಇಲಾಖೆಗಳ ಕೆಲವೇ ನೌಕರರು ಸೇರಿ ಕಟ್ಟಿದ್ದ ಒಂದು ಸಣ್ಣ ತಂಡ. ಅವರು ಬೈಗುಳಕ್ಕೆ ಇಳಿಯಲಿಲ್ಲ. ಕತೆ ಮೊದಲು ಎಲ್ಲಿ ಅಚ್ಚಾಯಿತು, ಅಲ್ಲಿಂದ ಯಾರು ಎತ್ತಿಕೊಂಡರು, ಯಾವ ದಿನ ಎಂದು ಪಟ್ಟಿ ಮಾಡುತ್ತ ಹೋಗಿ ‘ಪೇಟ್ರಿಯಟ್’ ಬಾಗಿಲಿಗೆ ಬಂದು ನಿಂತರು. ಅದೆಲ್ಲವನ್ನೂ ವರದಿಯಾಗಿ ಅಚ್ಚು ಹಾಕಿ ಹಂಚಿದರು. 1987ರಲ್ಲಿ ಗೊರ್ಬಚೆವ್ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಶುಲ್ಟ್ಜ್ ಎದುರು ಆ ವರದಿ ಹಿಡಿದು ರೇಗಿದರಂತೆ. 1992ರಲ್ಲಿ ರಷ್ಯದ ಬೇಹುಗಾರಿಕೆ ಮುಖ್ಯಸ್ಥ ಯೆವ್ಗೆನಿ ಪ್ರಿಮಕೊವ್ ಇದು ನಮ್ಮವರದೇ ಕೆಲಸ ಎಂದು ಒಪ್ಪಿಕೊಂಡರು. ಒಂದು ಪತ್ರದ ಬುಡ ಬಗೆಯಲು ಒಂಬತ್ತು ವರ್ಷ.

2012ರ ದೆಹಲಿಗೆ ಅಷ್ಟು ತಾಳ್ಮೆ ಇರಲಿಲ್ಲ. 18ರಿಂದ 21ರವರೆಗೆ ತಾಣಗಳನ್ನು ಮುಚ್ಚಿಸುವ ಆಜ್ಞೆಗಳು ಒಂದರ ಹಿಂದೊಂದು ಹೊರಟವು. ಪಟ್ಟಿ ಗುಟ್ಟಿನದು. ಆದರೆ ಅದು ಸೋರಿ, ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಸಂಸ್ಥೆಯ ಪ್ರಾಣೇಶ್ ಪ್ರಕಾಶ್ ಎಂಬ ಯುವ ಕಾನೂನು ತಜ್ಞರ ಕೈ ಸೇರಿತು. ಅವರು ಒಂದೊಂದೇ ಸಾಲು ಹಿಡಿದು ಕೂತರು. ಒಟ್ಟು 309 ನಮೂದುಗಳು. ಓದುತ್ತ ಹೋದಂತೆ ಬೆರಗಾಗುವಂಥವು ಸಿಕ್ಕವು. ಕೆಲವು ನಮೂದು ತಾಣದ ವಿಳಾಸವೇ ಅಲ್ಲ, ವೆಬ್ ಪುಟದಲ್ಲಿ ಫೋಟೊ ಕೂರಿಸಲು ಬಳಸುವ ಸಂಕೇತದ ತುಣುಕು. ಯಾರೋ ಅವಸರದಲ್ಲಿ ನಕಲು ಮಾಡಿ ಅಂಟಿಸಿದ್ದರು. ಅದಕ್ಕಿಂತ ಹೆಚ್ಚಿನ ಎಡವಟ್ಟು ಮುಂದಿತ್ತು. ಈ ಫೋಟೊಗಳು ಸುಳ್ಳು ಎಂದು ಪುರಾವೆ ಸಮೇತ ಬರೆದವರ ಪುಟಗಳೂ ಮುಚ್ಚುವ ಪಟ್ಟಿಯಲ್ಲಿದ್ದವು! ಸುಳ್ಳನ್ನು ಬಯಲು ಮಾಡಬೇಕಾದರೆ ಆ ಸುಳ್ಳು ಫೋಟೊವನ್ನು ಪುಟದಲ್ಲಿ ಹಾಕಲೇಬೇಕಲ್ಲ. ಫೋಟೊ ಕಂಡಲ್ಲೆಲ್ಲ ಕತ್ತರಿ ಆಡಿಸಿದವರು ಅದರ ಕೆಳಗಿನ ನಾಲ್ಕು ಸಾಲು ಓದಿರಲಿಲ್ಲ. ಸರ್ಕಾರದ ಪರವಾಗಿ, ಸಂಬಳವಿಲ್ಲದೆ, ಸರ್ಕಾರಕ್ಕಿಂತ ಮೊದಲೇ ಕೆಲಸ ಮುಗಿಸಿದ್ದವರ ಬಾಯಿಗೇ ಬೀಗ ಬಿತ್ತು. ಪ್ರಾಣೇಶ್ ಪ್ರಕಾಶ್ 22ರಂದು ಇದನ್ನೆಲ್ಲ ಪ್ರಕಟಿಸಿದರು. ಮರುದಿನದ ಪತ್ರಿಕೆಗಳಲ್ಲಿ ಪಾಕಿಸ್ತಾನದ ಸುದ್ದಿ ಹಿಂದೆ ಸರಿದು ಪಟ್ಟಿಯ ಎಡವಟ್ಟೇ ಮುಂದೆ ಬಂತು.

ಅಷ್ಟರಲ್ಲಿ ಆಗಸ್ಟ್ 20 ಬಂದು ಹೋಗಿತ್ತು. ಮಸೀದಿಗಳಲ್ಲಿ ಪ್ರಾರ್ಥನೆ ನಡೆಯಿತು, ಮನೆಗಳಲ್ಲಿ ಬಿರಿಯಾನಿ ಆಯಿತು, ಬೆಂಗಳೂರಿನಲ್ಲಿ ಎಸ್ಸೆಮ್ಮೆಸ್ಸು ಹೇಳಿದ ಯಾವುದೂ ನಡೆಯಲಿಲ್ಲ. ವಾರ ಕಳೆಯುತ್ತಲೇ ಗುವಾಹಟಿ ಕಡೆಯಿಂದ ಬರುವ ಗಾಡಿಗಳಲ್ಲಿ ಜನ ಕಾಣತೊಡಗಿದರು. ಕೆಲಸ ಉಳಿದವರಿಗೆ ಕೆಲಸ ಸಿಕ್ಕಿತು, ಕೆಲವರು ಮರಳಲೇ ಇಲ್ಲ.

ಇನ್ನು ಫೋಟೊದ ಊರು ಹುಡುಕುವ ವಿದ್ಯೆಯ ವಿಷಯ. ಕೆನಡಾದ ಟೊರಾಂಟೊದ ಸಂಸ್ಥೆಯೊಂದು 2008ರಲ್ಲಿ ‘ಟಿನ್‌ಐ’ ಎಂಬ ಸೇವೆ ಆರಂಭಿಸಿತ್ತು. 2011ರ ಜೂನ್‌ನಲ್ಲಿ ಗೂಗಲ್ ಅಂಥದ್ದೇ ಅನುಕೂಲ ಕೊಟ್ಟಿತು. ಅಕ್ಷರದ ಬದಲು ಫೋಟೊವನ್ನೇ ಕೊಟ್ಟು ಹುಡುಕಬಹುದಿತ್ತು. ಕಂಪ್ಯೂಟರಿಗೆ ಲಾಮಾ ಯಾರು, ಹೆಣ ಯಾವುದು ಗೊತ್ತಿರಬೇಕಿಲ್ಲ. ಅದು ಫೋಟೊದಲ್ಲಿ ಬೆಳಕು ಎಲ್ಲಿ ಕತ್ತಲಿಗೆ ತಿರುಗುತ್ತದೆ, ಅಂಚುಗಳು ಎಲ್ಲಿ ಓಡುತ್ತವೆ ಎಂಬುದನ್ನು ಅಂಕಿಗಳ ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಅದು ಆ ಫೋಟೊದ ಹೆಬ್ಬೆಟ್ಟಿನ ಗುರುತು. ಫೋಟೊವನ್ನು ಚಿಕ್ಕದು ಮಾಡಿ, ಅಂಚು ಕತ್ತರಿಸಿ, ಮೇಲೆ ಹೊಸ ಒಕ್ಕಣೆ ಬರೆದರೂ ಗುರುತು ಹೆಚ್ಚು ಬದಲಾಗದು. ಜಾಲದಲ್ಲಿ ಮೊದಲೇ ಗುಡಿಸಿಟ್ಟ ಕೋಟಿಗಟ್ಟಲೆ ಗುರುತುಗಳ ಜೊತೆ ತಾಳೆ ನೋಡಿ, ಸಿಕ್ಕವನ್ನು ಹಳತರಿಂದ ಹೊಸತಕ್ಕೆ ಜೋಡಿಸಿದರೆ ಆಯಿತು. 2012ರ ಜೂನ್‌ನಲ್ಲಿ ನಡೆಯಿತೆನ್ನುವ ಘಟನೆಯ ಫೋಟೊ 2010ರ ಏಪ್ರಿಲ್‌ನ ಪುಟದಲ್ಲಿ ಕೂತಿದ್ದರೆ ಬೇರೆ ಸಾಕ್ಷಿ ಬೇಡ. ಸರ್ಕಾರ ತಿದ್ದಿದ ಫೋಟೊಗಳು ಎಂದು ಕೂಗುತ್ತಿತ್ತು. ತಿದ್ದಿದವೂ ಇದ್ದವು. ಆದರೆ ಹೆಚ್ಚು ಕೆಲಸ ಮಾಡಿದ ಫೋಟೊಗಳನ್ನು ಯಾರೂ ತಿದ್ದಿರಲಿಲ್ಲ, ಅವುಗಳ ಕೆಳಗಿನ ಒಂದು ಸಾಲನ್ನು ಬದಲಿಸಿದ್ದರು ಅಷ್ಟೆ.

ಹಾಗೆ ಸಿಕ್ಕಿದ ಯುಶುವಿನ ಕತೆ ಇಷ್ಟು. 2010ರ ಏಪ್ರಿಲ್ 14ರ ಬೆಳಿಗ್ಗೆ ಟಿಬೆಟನ್ನರೇ ಹೆಚ್ಚಾಗಿರುವ ಆ ಊರಿನಲ್ಲಿ ಭೂಮಿ ನಡುಗಿತು. ಅಧಿಕೃತ ಲೆಕ್ಕದಲ್ಲೇ 2,698 ಜನ ಸತ್ತರು. ಸುತ್ತಲಿನ ಮಠಗಳ ಲಾಮಾಗಳು ಬಂದು ಬರಿಗೈಯಲ್ಲಿ ಮಣ್ಣು ಬಗೆದು ಹೆಣಗಳನ್ನು ಹೊರತೆಗೆದರು. ಸತ್ತವರನ್ನು ಬೆಟ್ಟದ ಮೇಲೆ ರಣಹದ್ದುಗಳಿಗೆ ಒಪ್ಪಿಸುವುದು ಆ ಸೀಮೆಯ ರೂಢಿ. ಅಷ್ಟು ಹೆಣಗಳಿಗೆ ಹದ್ದುಗಳೂ ಸಾಲದೆ, ಏಪ್ರಿಲ್ 17ರಂದು ಉದ್ದನೆಯ ಗುಂಡಿ ತೋಡಿ, ಮಂತ್ರ ಹೇಳಿ, ಸಾಮೂಹಿಕವಾಗಿ ಸುಟ್ಟರು. ಫೋಟೊದ ಲಾಮಾಗಳು ಆ ಸಂಸ್ಕಾರಕ್ಕೆ ನಿಂತವರು.

2015ರಲ್ಲಿ ರೋಹಿಂಗ್ಯಾಗಳು ದೋಣಿಗಳಲ್ಲಿ ಸಮುದ್ರ ದಾಟುತ್ತಿದ್ದ ಸುದ್ದಿ ಬಂದಾಗ ಅದೇ ಫೋಟೊ ಅದೇ ಸುಳ್ಳು ಒಕ್ಕಣೆ ಹೊತ್ತು ಮತ್ತೆ ಹೊರಟಿತು. ಈ ಬಾರಿ ಅದರ ಊರು, ವರ್ಷವನ್ನು ಹುಡುಕಿ ಹೇಳಿದ್ದು ಬಿಬಿಸಿ.